ಚೌತಿಯೋ, ಪಂಚಮಿಯೋ

"ಉಸಿರು ನಿಂತಿದ್ದು ಎಷ್ಟು ಗಂಟೆಗೆ ಮಾರಾಯಾ?"

ಸುದ್ದಿ ತಿಳಿಸಲು ಫೋನ್ ಮಾಡಿದಾಗ ನಮ್ಮ ಭಟ್ಟರು ಕೇಳಿದ ಮೊದಲ ಮಾತು ಇದು. 2007ರ ನವೆಂಬರ್ 28, ಬುಧವಾರ ಬೆಳಿಗ್ಗೆ. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದೆ. ಡಾಕ್ಟರು ಬರೆದುಕೊಟ್ಟ ಚೀಟಿ ಕೈಯಲ್ಲಿತ್ತು. ಅದರಲ್ಲಿದ್ದ ಗಂಟೆ, ನಿಮಿಷ ಓದಿ ಹೇಳಿದೆ. ಆ ಕಡೆ ಪಂಚಾಂಗದ ಹಾಳೆ ಮಗುಚುವ ಸದ್ದು. ಸ್ವಲ್ಪ ಹೊತ್ತು ಮಾತಿಲ್ಲ.

"ಚೌತಿ ಮುಗಿದು ಇಪ್ಪತ್ತೆಂಟು ನಿಮಿಷ ಆಗಿದೆ. ಪಂಚಮಿ ಅಂತ ಇಟ್ಕೊಳ್ಳೋಣ. ಆದ್ರೆ ಅದು ಡಾಕ್ಟರು ಬಂದು ನೋಡಿದ ಹೊತ್ತೋ, ನಿಮ್ಮಪ್ಪ ಹೋದ ಹೊತ್ತೋ?"

ನನಗೆ ಗೊತ್ತಿರಲಿಲ್ಲ. ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೆ. ನರ್ಸ್ ಬಂದು ಭುಜ ಅಲುಗಿಸಿದಾಗಲೇ ಎಚ್ಚರ. ಅಪ್ಪ ಅದಕ್ಕೆ ಐದು ನಿಮಿಷ ಮೊದಲು ಹೋಗಿದ್ದರೋ, ಒಂದು ಗಂಟೆ ಮೊದಲೋ, ಹೇಳುವವರು ಯಾರೂ ಇರಲಿಲ್ಲ.

ಹಿಂದಿನ ದಿನ ಮಂಗಳವಾರ, ಕಾರ್ತಿಕ ಬಹುಳ ಚೌತಿ. ಮಂಗಳವಾರ ಬಂದ ಸಂಕಷ್ಟಿ ಎಂದರೆ ಅಂಗಾರಕ ಸಂಕಷ್ಟಿ. ಅಮ್ಮ ಯಾವುದನ್ನು ಬಿಟ್ಟರೂ ಅದನ್ನು ಬಿಡುವವಳಲ್ಲ. ಆಸ್ಪತ್ರೆಯಲ್ಲಿ ಎರಡು ದಿನದಿಂದ ಕೂತು ಸುಸ್ತಾಗಿದ್ದರೂ ಬೆಳಗಿನಿಂದ ಕಾಫಿ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ರಾತ್ರಿ ಒಂಬತ್ತರ ಆಸುಪಾಸು ಮೂರನೇ ಮಹಡಿಯ ಹಿಂದಿನ ಮೆಟ್ಟಿಲ ಕಿಟಕಿಗೆ ಹೋಗಿ ನಿಂತಳು. ಎದುರಿನ ಕಟ್ಟಡದ ನೀರಿನ ಟ್ಯಾಂಕಿಗೂ ಮೊಬೈಲ್ ಟವರಿಗೂ ನಡುವೆ ಚಂದ್ರ ಕಾಣಿಸಿತು. ನೀರಿನ ಬಾಟಲಿಯ ಮುಚ್ಚಳಕ್ಕೆ ಚೂರು ನೀರು ಬಗ್ಗಿಸಿಕೊಂಡು, ಕಿಟಕಿಯ ಸರಳಿನಿಂದ ಕೈ ಆಚೆ ಚಾಚಿ ಅರ್ಘ್ಯ ಬಿಟ್ಟಳು. ಕೆಳಗೆ ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಅದು ಟಪ್ ಎಂದದ್ದೂ ಕೇಳಿಸಿತು. ಆಮೇಲೆ ಎರಡು ಬಾಳೆಹಣ್ಣು ತಿಂದು ಅಪ್ಪನ ಕಾಲ ಬಳಿ ಬಂದು ಕೂತಳು.

ಅವಳ ಮಟ್ಟಿಗೆ ಅಪ್ಪ ಹೋದದ್ದು ಸಂಕಷ್ಟಿಯ ರಾತ್ರಿ, ಚೌತಿಯಂದು. ಭಟ್ಟರ ಪಂಚಾಂಗಕ್ಕೆ ಪಂಚಮಿ. ಆಸ್ಪತ್ರೆಯ ಚೀಟಿಗೆ 28ನೇ ತಾರೀಕು. ಶ್ರಾದ್ಧ ಪಂಚಮಿಗೇ ನಡೆದುಕೊಂಡು ಬಂದಿದೆ. ಚಂದ್ರನ ಲೆಕ್ಕವನ್ನು ಇಷ್ಟು ವರ್ಷ ತಲೆಗೆ ಹಚ್ಚಿಕೊಂಡು ಓದಲು ಕಾರಣ ಆ ಇಪ್ಪತ್ತೆಂಟು ನಿಮಿಷ. ಭಕ್ತಿ ಅಂತ ಯಾರಾದರೂ ತಿಳಿದುಕೊಂಡರೆ ನನ್ನ ಆಕ್ಷೇಪಣೆಯಿಲ್ಲ.

ಕನ್ನಡದಲ್ಲಿ "ತಿಥಿ" ಅಂದರೆ ಜನಕ್ಕೆ ಮೊದಲು ನೆನಪಾಗುವುದೇ ಸತ್ತವರ ಊಟ. "ನಾಳೆ ಅವರ ಮನೇಲಿ ತಿಥಿ" ಅಂದರೆ ಯಾವ ತಿಥಿ ಅಂತ ಯಾರೂ ಕೇಳುವುದಿಲ್ಲ. ಜಗಳದಲ್ಲಿ "ನಿನ್ನ ತಿಥಿ ಮಾಡ್ತೀನಿ" ಅನ್ನುವವನಿಗೂ ಪಾಡ್ಯ, ಬಿದಿಗೆಯ ಗೊಡವೆ ಇಲ್ಲ. ಮನೆಯಲ್ಲಿ ತಿಥಿಯನ್ನು ಕಡ್ಡಾಯವಾಗಿ ನೋಡಲೇಬೇಕಾದ ಸಂದರ್ಭ ಅದೊಂದೇ ಆದ್ದರಿಂದ ಇಡೀ ಪದವೇ ಅದಕ್ಕೆ ಬಿಟ್ಟುಹೋಯಿತೇನೋ.

ತಿಥಿ ಅಂದರೆ ದಿನವಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನನಗೇ ಬಹಳ ಕಾಲ ಹಿಡಿಯಿತು. ಅಮಾವಾಸ್ಯೆಯ ಕೊನೆಗೆ ಸೂರ್ಯ, ಚಂದ್ರ ಆಕಾಶದಲ್ಲಿ ಒಂದೇ ನೇರಕ್ಕೆ ಬರುತ್ತವೆ. ಅಲ್ಲಿಂದ ಚಂದ್ರ ಮುಂದೆ ಓಡುತ್ತಾ ಸೂರ್ಯನಿಂದ 12 ಡಿಗ್ರಿ ದೂರವಾಗುವಷ್ಟು ಹೊತ್ತು ಪಾಡ್ಯ. ಇನ್ನೊಂದು 12 ಡಿಗ್ರಿ ಬಿದಿಗೆ. ಹೀಗೆ 360 ಡಿಗ್ರಿಗೆ 30 ತಿಥಿ, ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಚಂದ್ರನ ದಾರಿ ಸರಿಯಾದ ವೃತ್ತವಲ್ಲದ ಕಾರಣ ಅದು ಭೂಮಿಗೆ ಹತ್ತಿರ ಬಂದಾಗ ಬೇಗ ಓಡುತ್ತದೆ, ದೂರ ಹೋದಾಗ ನಿಧಾನ. ಹಾಗಾಗಿ ಎಲ್ಲ ತಿಥಿಗೂ ಒಂದೇ ಅಳತೆ ಇಲ್ಲ. ಹಳಬರು ಇದಕ್ಕೆ "ಬಾಣವೃದ್ಧಿ ರಸಕ್ಷಯ" ಎಂದು ಒಂದು ಸೂತ್ರ ಹೇಳುತ್ತಾರೆ. ಬಾಣ ಎಂದರೆ ಐದು, ರಸ ಎಂದರೆ ಆರು. 60 ಘಳಿಗೆಯ ದಿನಕ್ಕೆ ಹೋಲಿಸಿದರೆ ತಿಥಿ ಐದು ಘಳಿಗೆ ಹಿಗ್ಗಬಹುದು, ಆರು ಘಳಿಗೆ ಕುಗ್ಗಬಹುದು. ಒಂದು ಘಳಿಗೆಗೆ 24 ನಿಮಿಷ. ದೃಗ್ಗಣಿತದವರು, ಅಂದರೆ ಆಕಾಶದಲ್ಲಿ ಈಗ ಕಾಣುವುದಕ್ಕೆ ಸರಿಹೊಂದಿಸಿ ಲೆಕ್ಕ ಹಾಕುವವರು, ಹಿಗ್ಗುವುದು ಏಳು, ಕುಗ್ಗುವುದು ಹತ್ತು ಎನ್ನುತ್ತಾರೆ. ಅಂದರೆ ಹೆಚ್ಚುಕಮ್ಮಿ 20 ಗಂಟೆಯಿಂದ ಇಪ್ಪತ್ತಾರು ಮುಕ್ಕಾಲು ಗಂಟೆಯವರೆಗೆ. ಭಟ್ಟರದ್ದು ದೃಗ್ಗಣಿತದ ಪಂಚಾಂಗ. ಹಳೆಯ ಸೂರ್ಯಸಿದ್ಧಾಂತ ಗ್ರಂಥದ ಲೆಕ್ಕದ್ದನ್ನು ತೆರೆದಿದ್ದರೆ ಚೌತಿ ಮುಗಿಯುವ ಹೊತ್ತು ಬೇರೆಯೇ ಬರುತ್ತಿತ್ತು. ಎರಡರ ನಡುವೆ ಕೆಲವು ಸಲ ಗಂಟೆಗಟ್ಟಲೆ ವ್ಯತ್ಯಾಸ. ಇನ್ನೊಂದು ನೋಡೋಣವೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅವರು, "ಎರಡು ಪಂಚಾಂಗ ಇಟ್ಟುಕೊಂಡವನಿಗೆ ಹಬ್ಬವೂ ಇಲ್ಲ, ತಿಥಿಯೂ ಇಲ್ಲ" ಎಂದು ಬಾಯಿ ಮುಚ್ಚಿಸಿದ್ದರು.

ತಿಥಿ ಶುರುವಾಗುವುದು, ಮುಗಿಯುವುದು ಎಷ್ಟು ಗಂಟೆಗೆ ಬೇಕಾದರೂ ಆದೀತು. ಮಧ್ಯಾಹ್ನದ ಊಟದ ನಡುವೆ, ರಾತ್ರಿ ಎರಡೂ ಇಪ್ಪತ್ತಕ್ಕೆ, ಯಾರೋ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿರುವಾಗ. ಆದರೆ ನಾವು ಬದುಕುವುದು ಸೂರ್ಯನ ದಿನದಲ್ಲಿ. ಹಾಗಾಗಿ ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಇಡೀ ದಿನಕ್ಕೆ ಅದೇ ಹೆಸರು ಎಂದು ಒಂದು ಒಪ್ಪಂದ. ಕ್ಯಾಲೆಂಡರಿನ ಚೌಕದೊಳಗೆ ಸಣ್ಣ ಅಕ್ಷರದಲ್ಲಿ ಇರುವುದು ಅದು.

ಈ ಒಪ್ಪಂದ ಎಲ್ಲಿ ಕೈಕೊಡುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ, ಈ ವರ್ಷದ ಯುಗಾದಿಯೇ ಸಾಕು. 2026ರ ಮಾರ್ಚ್ 19, ಗುರುವಾರ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿದ್ದು ಆರೂವರೆಯ ಹತ್ತಿರ. ಅಮಾವಾಸ್ಯೆ ಮುಗಿದದ್ದು ಅದಾದ ಮೇಲೆ, 6 ಗಂಟೆ 52 ನಿಮಿಷದ ಸುಮಾರಿಗೆ. ಪಾಡ್ಯ ಶುರುವಾಗಿ, 22 ಗಂಟೆ ಓಡಿ, ಮರುದಿನ ಸೂರ್ಯ ಹುಟ್ಟುವ ಎಷ್ಟೋ ಮೊದಲು, ನಸುಕಿನ ಐದರೊಳಗೇ ಮುಗಿದುಹೋಯಿತು. 19ರ ಸೂರ್ಯ ಕಂಡದ್ದು ಅಮಾವಾಸ್ಯೆಯನ್ನು, 20ರ ಸೂರ್ಯ ಕಂಡದ್ದು ಬಿದಿಗೆಯನ್ನು. ಹೊಸ ವರ್ಷದ ಮೊದಲ ತಿಥಿಗೆ ಸೂರ್ಯನ ಮುಖವೇ ಕಾಣಲಿಲ್ಲ. ಇದಕ್ಕೆ ಕ್ಷಯ ತಿಥಿ ಎನ್ನುತ್ತಾರೆ. ಕ್ಷಯ ಎಂದರೂ ಅದು ಸತ್ತುಹೋದ ತಿಥಿಯಲ್ಲ, ಎರಡು ಸೂರ್ಯೋದಯಗಳ ನಡುವಿನ ಸಂದಿಯಲ್ಲಿ ಬಂದು ಹೋದದ್ದು ಅಷ್ಟೇ. ಹಬ್ಬ 19ಕ್ಕೇ ಆಯಿತು. ಅಮ್ಮ ಮಾತ್ರ, ಅಮಾವಾಸ್ಯೆಯಲ್ಲಿ ಯಾರಾದರೂ ಎಣ್ಣೆ ಹಚ್ಚಿಕೊಳ್ಳುತ್ತಾರಾ ಎಂದು ಬಟ್ಟಲು ಮುಂದಿಟ್ಟುಕೊಂಡು ಏಳು ಗಂಟೆ ಆಗುವವರೆಗೆ ಯಾರ ನೆತ್ತಿಗೂ ಎಣ್ಣೆ ತಾಗಿಸಲಿಲ್ಲ. ಮಕ್ಕಳು ಹಬ್ಬದ ದಿನ ಅಷ್ಟು ಹೊತ್ತು ಮಲಗಲು ಸಿಕ್ಕಿತೆಂದು ಪರಾಭವ ಸಂವತ್ಸರವನ್ನು ಖುಷಿಯಿಂದಲೇ ಶುರುಮಾಡಿದರು.

ಸ್ವಾರಸ್ಯ ಇರುವುದು ಮುಂದೆ. ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ನಮ್ಮ ಬೆಳಗಿನ ಆರೂ ಐವತ್ತೆರಡು ಅವಳಿಗೆ ಹಿಂದಿನ ರಾತ್ರಿಯ ಒಂಬತ್ತು ದಾಟಿದ ಹೊತ್ತು. ಅಲ್ಲಿ ಪಾಡ್ಯ 18ರ ರಾತ್ರಿಯೇ ಶುರುವಾಗಿ 19ರ ಸಂಜೆ ಏಳರ ನಂತರ ಮುಗಿಯಿತು; ನಡುವೆ ಒಂದು ಸೂರ್ಯೋದಯ ಧಾರಾಳವಾಗಿ ಸಿಕ್ಕಿತು. ಅದೇ ಪಾಡ್ಯ ಇಲ್ಲಿ ಕ್ಷಯ, ಅಲ್ಲಿ ಲಕ್ಷಣವಾಗಿ ಸೂರ್ಯನನ್ನು ಕಂಡ ತಿಥಿ. ಚಂದ್ರ ಎಲ್ಲರಿಗೂ ಒಂದೇ ಕ್ಷಣಕ್ಕೆ 12 ಡಿಗ್ರಿ ದಾಟುತ್ತದೆ. ಬೇರೆಯಾಗುವುದು ನಮ್ಮ ನಮ್ಮ ಬೆಳಗು. ಊರಿನಿಂದ ಪಂಚಾಂಗ ತರಿಸಿಕೊಂಡು ಅಮೆರಿಕದಲ್ಲಿ ಏಕಾದಶಿ ಮಾಡುತ್ತಿದ್ದವಳಿಗೆ ಇದನ್ನು ಹೇಳಿದರೆ, "ಇಷ್ಟು ವರ್ಷ ನಾನು ಮಾಡಿದ್ದರಲ್ಲಿ ಎಷ್ಟು ದ್ವಾದಶಿಗೆ ಜಮಾ ಆಯ್ತೋ" ಎಂದು ನಕ್ಕಳು.

ಯುಗಾದಿಗೆ ಸೂರ್ಯೋದಯ ಬೇಕು, ಸರಿ. ಎಲ್ಲ ಹಬ್ಬಕ್ಕೂ ಅದೇ ಬೇಕೆಂದಿದ್ದರೆ ತಲೆನೋವು ಅರ್ಧ ಕಡಿಮೆಯಾಗುತ್ತಿತ್ತು. ಗಣೇಶನಿಗೆ ಮಧ್ಯಾಹ್ನದಲ್ಲಿ ಚೌತಿ ಇರಬೇಕು. ರಾಮನವಮಿಗೂ ಮಧ್ಯಾಹ್ನವೇ. ಶಿವರಾತ್ರಿಗೆ ನಡುರಾತ್ರಿಯಲ್ಲಿ ಚತುರ್ದಶಿ ಇರಬೇಕು, ಹಗಲಿಡೀ ತ್ರಯೋದಶಿ ಇದ್ದರೂ ಚಿಂತೆಯಿಲ್ಲ. ಪ್ರದೋಷಕ್ಕೆ ಮುಸ್ಸಂಜೆಯ ತ್ರಯೋದಶಿ. ಪಿತೃಗಳಿಗೆ ಅಪರಾಹ್ನ: ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು. ಸಂಕಷ್ಟಿಗಂತೂ ಸೂರ್ಯನನ್ನು ಕೇಳುವಂತೆಯೇ ಇಲ್ಲ, ಚಂದ್ರ ಹುಟ್ಟುವಾಗ ಚೌತಿ ಇದ್ದರೆ ಆಯಿತು. ಚೌತಿಯ ಮಾತು ಬಂತೆಂದು ಹೇಳುತ್ತೇನೆ: ಭಾದ್ರಪದ ಶುದ್ಧ ಚೌತಿಗೆ ಚಂದ್ರನನ್ನು ನೋಡಿದರೆ ಶಮಂತಕ ಮಣಿ ಕದ್ದ ಅಪವಾದ, ಬಹುಳ ಚೌತಿಗೆ ಚಂದ್ರನನ್ನು ನೋಡದೆ ತುತ್ತೆತ್ತುವಂತಿಲ್ಲ. ಅದೇ ಗಣಪತಿ, ಅದೇ ಚಂದ್ರ. ಚಿಕ್ಕವನಿದ್ದಾಗ ನಾನು ಎರಡನ್ನೂ ಅದಲುಬದಲು ಮಾಡಿ ಅಜ್ಜಿಯಿಂದ ಬೈಸಿಕೊಂಡಿದ್ದೇನೆ.

ಇಷ್ಟೆಲ್ಲ ಇಟ್ಟುಕೊಂಡು ನೋಡಿದರೆ "ಇವತ್ತು ಯಾವ ತಿಥಿ?" ಎನ್ನುವ ಪ್ರಶ್ನೆಗೆ ಒಂದು ಉತ್ತರ ಇರಲು ಸಾಧ್ಯವಿಲ್ಲ. ಯಾರಿಗೆ, ಯಾವ ಹೊತ್ತಿಗೆ ಎಂದು ತಿರುಗಿ ಕೇಳಬೇಕು. 2024ರ ದೀಪಾವಳಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೂ ತಿರುಗಿ ಕೇಳಲಿಲ್ಲ, ಹಾಗಾಗಿ ಎರಡು ದಿನ ಯುದ್ಧ ನಡೆಯಿತು. ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ ಮೂರೂ ಮುಕ್ಕಾಲು ದಾಟಿ ಶುರುವಾಗಿ ನವೆಂಬರ್ 1ರ ಸಂಜೆ ಆರೂ ಕಾಲರ ಸುಮಾರಿಗೆ ಮುಗಿಯುತ್ತಿತ್ತು. ಲಕ್ಷ್ಮೀಪೂಜೆಗೆ ಬೇಕಾದದ್ದು ಸೂರ್ಯ ಮುಳುಗಿದ ಮೇಲಿನ ಅಮಾವಾಸ್ಯೆ. 31ರ ಸಂಜೆ ಅದು ಪೂರ್ತಿ ಇತ್ತು. 1ರ ಸಂಜೆ ಬೆಂಗಳೂರಿನಲ್ಲಿ ಸೂರ್ಯ ಮುಳುಗಿದ ಮೇಲೆ ಉಳಿದದ್ದು ಹೆಚ್ಚುಕಮ್ಮಿ ಒಂದು ಘಳಿಗೆ. ಆ ಒಂದು ಘಳಿಗೆ ಸಾಕೇ, ಸಾಲದೇ? ಕೊಲ್ಕತ್ತದಲ್ಲಿ ಅದೇ ಸಂಜೆ ಸೂರ್ಯ ಐದಕ್ಕೇ ಮುಳುಗುವುದರಿಂದ ಅಲ್ಲಿ ಗಂಟೆಗಿಂತ ಹೆಚ್ಚು ಸಿಗುತ್ತದೆ. ಉತ್ತರದ ಹಲವು ಕಡೆ 31ಕ್ಕೇ ಮಾಡಿ ಮುಗಿಸಿದರು. ನಮ್ಮಲ್ಲಿ 31ಕ್ಕೆ ನರಕ ಚತುರ್ದಶಿ, 2ಕ್ಕೆ ಬಲಿಪಾಡ್ಯಮಿ ಎಂದು ಸರ್ಕಾರಿ ರಜೆಯೇ ಗೊತ್ತಾಗಿತ್ತು. ನಡುವಿನ 1ರಂದು ಹೇಗೂ ರಾಜ್ಯೋತ್ಸವ. ಗುಂಪಿನಲ್ಲಿ ಒಬ್ಬರು "ನಮ್ಮ ಧರ್ಮದಲ್ಲಿ ಒಂದು ತಾರೀಕು ನಿರ್ಧಾರ ಮಾಡೋಕೂ ಆಗಲ್ವಾ" ಎಂದು ಬರೆದರು. ನನಗೆ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಕಾಣಲಿಲ್ಲ. ಚಂದ್ರನ ಹೊತ್ತನ್ನು ಸೂರ್ಯನ ಡಬ್ಬಿಯೊಳಗೆ ತುಂಬುವಾಗ ಮುಚ್ಚಳ ಕೆಲವು ಸಲ ಕೂರುವುದಿಲ್ಲ. ಅಂಥ ಕಡೆಗೆಂದೇ ನಿರ್ಣಯದ ಗ್ರಂಥಗಳಿರುವುದು, ಅವುಗಳ ನಡುವೆ ಜಗಳಗಳಿರುವುದು. ಕುರುಡಾಗಿ ತಾರೀಕು ಹಿಡಿಯುವುದಕ್ಕಿಂತ ಆ ಜಗಳವೇ ವಾಸಿ.

ಒಂದು ನಿರ್ಧಾರಕ್ಕೆ ಬರುವ ಪ್ರಯತ್ನ ಆಗಲಿಲ್ಲವೆಂದಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1952ರಲ್ಲಿ, ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ಆಯಿತು. ದೇಶದಲ್ಲಿ ಆಗ ಸುಮಾರು 30 ಬಗೆಯ ಪಂಚಾಂಗಗಳಿದ್ದವು. 1955ರಲ್ಲಿ ವರದಿ ಬಂತು. 1957ರ ಮಾರ್ಚ್ 22ಕ್ಕೆ, ಶಕ 1879ರ ಚೈತ್ರ 1 ಎಂದು, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಸರ್ಕಾರದ ಗೆಜೆಟ್ಟಿನ ಮೇಲೆ ಆ ತಾರೀಕು ಈಗಲೂ ಇರುತ್ತದೆ. ಆ ಚೈತ್ರ ಮಾತ್ರ ಸೂರ್ಯನ ಚೈತ್ರ, ನಮ್ಮ ಯುಗಾದಿಯ ಚೈತ್ರವಲ್ಲ. ಅದನ್ನು ನೋಡಿ ಹೋಳಿಗೆಗೆ ಬೇಳೆ ನೆನೆಹಾಕಿದವರನ್ನು ನಾನು ಇನ್ನೂ ಕಂಡಿಲ್ಲ.

ಅಜ್ಜಿಯ ಬಗ್ಗೆ ಹೇಳದೆ ಉಪವಾಸದ ಮಾತಿಗೆ ಹೋಗಲಾರೆ. ನಮ್ಮದು ಸಾಗರದ ಕಡೆಯ ಹಳ್ಳಿ. ದೇವರ ಮನೆಯ ಬಾಗಿಲ ಹಿಂದೆ ಮೊಳೆಗೆ ದಾರದಲ್ಲಿ ತೂಗುಹಾಕಿದ ಪಂಚಾಂಗ. ಅದರ ಹಳದಿ ರಟ್ಟಿನ ಮೂಲೆ ಎಣ್ಣೆ ಕೈ ತಾಗಿ ತಾಗಿ ಪಾರದರ್ಶಕವಾಗಿತ್ತು. ಅಜ್ಜಿಗೆ ಓದಲು ಬರುತ್ತಿದ್ದುದು ಅಷ್ಟಕ್ಕಷ್ಟೇ, ಆದರೆ ಘಳಿಗೆ-ವಿಘಳಿಗೆಯ ಕಂಬಸಾಲು ಮಾತ್ರ ಬೆರಳಿಟ್ಟು ಸರಸರ ಇಳಿಯುತ್ತಿದ್ದಳು. ಅವಳ ಏಕಾದಶಿ ಶುರುವಾಗುತ್ತಿದ್ದುದು ದಶಮಿಯ ಒಪ್ಪತ್ತಿನಿಂದ. ಏಕಾದಶಿಗೆ ನೀರು, ತುಳಸಿ. ನಮಗೆಲ್ಲ "ಉಪವಾಸ" ಎಂದರೆ ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಹಣ್ಣು, ರಾತ್ರಿ ಉಪ್ಪಿಟ್ಟು; ಉಳಿದ ದಿನಕ್ಕಿಂತ ಒಂದು ತುತ್ತು ಜಾಸ್ತಿಯೇ. ಏಕಾದಶಿ ಮನೆಗೆ ಶಿವರಾತ್ರಿ ಬಂದ ಹಾಗೆ ಅಂತ ಗಾದೆ ಇದೆಯಲ್ಲ, ನಮ್ಮ ಮನೆಗೆ ಅದು ಬಂದಿದ್ದರೆ ಎರಡು ಹೊತ್ತಿನ ಉಪ್ಪಿಟ್ಟು ತಿಂದು ಹೋಗುತ್ತಿತ್ತು.

ಅಜ್ಜಿಗೆ ಹಸಿವು ಕಷ್ಟವಾಗಿರಲಿಲ್ಲ, ಕಷ್ಟ ಇದ್ದದ್ದು ಪಾರಣೆ. ಉಪವಾಸ ಹಿಡಿದವರು ಮರುದಿನ ದ್ವಾದಶಿ ಮುಗಿಯುವುದರೊಳಗೆ ಊಟ ಮಾಡಲೇಬೇಕು, ಇಲ್ಲದಿದ್ದರೆ ಉಪವಾಸವೇ ಅಪೂರ್ಣ. ಕೆಲವು ಸಲ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ದ್ವಾದಶಿ ಮುಗಿದುಬಿಡುತ್ತದೆ. ಅದಕ್ಕೆ ಸಾಧನ ದ್ವಾದಶಿ ಅನ್ನುತ್ತಾರೆ. ಅಂಥ ದಿನ ರಾತ್ರಿ ಮೂರಕ್ಕೇ ಎದ್ದು, ತಣ್ಣೀರು ಹುಯ್ದುಕೊಂಡು, ಒಲೆ ಹಚ್ಚಿ, ನಕ್ಷತ್ರ ಇರುವಾಗಲೇ ಪೂಜೆ, ಬೆಳಕು ಬಿಡುವಾಗ ಬಾಳೆಲೆ. ಏಳು ಗಂಟೆಗೆ ಅನ್ನ-ಸಾರು ಉಂಡು ಶಾಲೆಗೆ ಹೋದ ನೆನಪು ನನಗಿದೆ. ಅಜ್ಜಿ ಎಲೆಯ ಮುಂದೆ ಕೂತು ಅಂಬರೀಷನ ಕಥೆ ಹೇಳುತ್ತಿದ್ದಳು. ಭಾಗವತದ ಒಂಬತ್ತನೇ ಸ್ಕಂಧದ್ದು. ದ್ವಾದಶಿಯ ದಿನ ದುರ್ವಾಸರು ಅತಿಥಿಯಾಗಿ ಬಂದು, ಸ್ನಾನ ಮಾಡಿ ಬರುತ್ತೇನೆಂದು ಹೊಳೆಗೆ ಹೋದವರು ಬರಲೇ ಇಲ್ಲ. ಅತಿಥಿಗೆ ಮೊದಲು ಉಂಡರೆ ತಪ್ಪು, ದ್ವಾದಶಿ ಮೀರಿದರೆ ವ್ರತಭಂಗ. ಅಂಬರೀಷ ಬರೀ ನೀರು ಕುಡಿದ: ನೀರು ಉಂಡ ಹಾಗೂ ಹೌದು, ಉಣ್ಣದ ಹಾಗೂ ಹೌದು. ದುರ್ವಾಸರ ಸಿಟ್ಟು, ಸುದರ್ಶನ ಚಕ್ರ ಎಲ್ಲ ಆಮೇಲಿನದು. ನನಗೆ ಇವತ್ತಿಗೂ ಹಿಡಿಸುವುದು ಆ ಒಂದು ಗುಟುಕು ನೀರು. ತಿಥಿಯ ಅಂಚಿನಲ್ಲಿ ಸಿಕ್ಕಿಬಿದ್ದ ಮನುಷ್ಯ ಏನು ಮಾಡುತ್ತಾನೆ ಎನ್ನುವುದಕ್ಕೆ ಅಷ್ಟು ಚೆಂದದ ಉತ್ತರ ಇನ್ನೊಂದಿಲ್ಲ.

ಪಕ್ಕದ ಮನೆಯವರು ಮಾಧ್ವರು. ಅವರ ಏಕಾದಶಿ ಕೆಲವು ತಿಂಗಳು ನಮ್ಮದರ ಮರುದಿನ ಬರುತ್ತಿತ್ತು. ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮೊದಲು ಅರುಣೋದಯ; ಆ ಹೊತ್ತಿನಲ್ಲಿ ದಶಮಿಯ ಸೋಂಕು ಇದ್ದರೂ ಅವರು ಆ ಏಕಾದಶಿಯನ್ನು ಹಿಡಿಯುವುದಿಲ್ಲ. ಚಾತುರ್ಮಾಸ್ಯದಲ್ಲಂತೂ ಅವರ ಅಡುಗೆಮನೆಯೇ ಪಂಚಾಂಗ: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರಕ್ಕೆ ಹಾಲಿಲ್ಲ, ನಾಲ್ಕಕ್ಕೆ ಬೇಳೆಯಿಲ್ಲ. ಅವರ ಶಾಕವ್ರತದ ಕಾಳುಮೆಣಸಿನ ಸಾರನ್ನು ಅಜ್ಜಿ ಒಂದು ಬಟ್ಟಲು ಕೇಳಿ ತರಿಸಿಕೊಳ್ಳುತ್ತಿದ್ದಳು, ಪಕ್ಕದ ಮನೆಯ ವ್ರತದ ರುಚಿಗೆ.

ಪಂಚಾಂಗವೇ ಇಲ್ಲದೆ ಚಂದ್ರನ ಜೊತೆ ಬದುಕುವವರನ್ನು ನಾನು ಕಂಡದ್ದು ಧಾರವಾಡದಲ್ಲಿ. ಕೆಲಸದ ಮೇಲೆ ನಾಲ್ಕು ವರ್ಷ ಅಲ್ಲಿದ್ದೆ. ಮನೆ ಮಾಲೀಕರು ಎರೆ ಹೊಲದ ರೈತರು. ಅವರ ವರ್ಷದಲ್ಲಿ ಚೈತ್ರ, ವೈಶಾಖಕ್ಕಿಂತ ಹುಣ್ಣಿಮೆಗಳ ಹೆಸರೇ ಹೆಚ್ಚು. ದವನದ ಹುಣ್ಣಿಮೆ, ಎತ್ತುಗಳನ್ನು ಸಿಂಗರಿಸಿ ಓಡಿಸುವ ಕಾರ ಹುಣ್ಣಿಮೆ, ಜನಿವಾರದ ದಿನದ ನೂಲ ಹುಣ್ಣಿಮೆ, ಸೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬಾದಾಮಿಯ ಬನಶಂಕರಿ ಜಾತ್ರೆಯ ಬನದ ಹುಣ್ಣಿಮೆ, ಸವದತ್ತಿಯ ಗುಡ್ಡ ತುಂಬುವ ಭಾರತ ಹುಣ್ಣಿಮೆ. ಅಮಾವಾಸ್ಯೆಗೂ ಹಾಗೆಯೇ: ಮಣ್ಣೆತ್ತಿನದ್ದು, ಎಳ್ಳಿನದ್ದು. ಎಳ್ಳಮಾವಾಸ್ಯೆಗೆ ಅವರ ಹೊಲದಲ್ಲಿ ಸಜ್ಜೆ ರೊಟ್ಟಿ ತಿನ್ನುತ್ತಾ, ಇವತ್ತು ಅಮಾವಾಸ್ಯೆ ಎಷ್ಟು ಗಂಟೆಯವರೆಗೆ ಇದೆಯೋ ಎಂದು ನಾನು ಅಂದಿದ್ದೆ. ಅವರು ನಕ್ಕು, "ಗಂಟಿ ನಿಮ್ಮ ಆಫೀಸಿಗಿರ್ಲಿ ಬಿಡ್ರೀ. ನಮಗ ಮ್ಯಾಲ ಚಂದ್ರ ಕಾಣ್ಲಿಲ್ಲ ಅಂದ್ರ ಅಮಾಸಿ, ದುಂಡಗ ಕಂಡ ಅಂದ್ರ ಹುಣ್ಣಿಮಿ" ಎಂದರು. ಅವರ ಸೀಗಿ ಹುಣ್ಣಿಮೆಯೇ ನಮ್ಮ ಸಾಗರ, ಸೊರಬದ ಕಡೆಯ ಭೂಮಿ ಹುಣ್ಣಿಮೆ. ನಮ್ಮೂರಿನ ದೀವರ ಹೆಣ್ಣುಮಕ್ಕಳು ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು ಬಸುರಿ ಗದ್ದೆಗೆ ಬಡಿಸಲು ಹೋಗುವ ದಿನ. ಎರಡೂ ಕಡೆ ಭೂಮಿಗೇ ಸೀಮಂತ. ಚಂದ್ರ ತುಂಬಿದ್ದು ಕಣ್ಣಿಗೆ ಕಂಡರೆ ಮುಗಿಯಿತು, ವಿಘಳಿಗೆ ಯಾರಿಗೆ ಬೇಕು?

ಮಾಸದ ವಿಷಯದಲ್ಲಿ ಇನ್ನೊಂದು ತೊಡಕಿದೆ, ಬೇಗ ಮುಗಿಸುತ್ತೇನೆ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರದವರದ್ದು ಹುಣ್ಣಿಮೆಗೆ. ನನ್ನ ಸಹೋದ್ಯೋಗಿಯೊಬ್ಬರು ಬಿಹಾರದವರು. ಅವರ ಶ್ರಾವಣ ಸೋಮವಾರಗಳು ನಮ್ಮ ಆಷಾಢದಲ್ಲೇ ಶುರುವಾಗಿಬಿಡುತ್ತವೆ. ಆದರೆ ಶುಕ್ಲ ಪಕ್ಷದಲ್ಲಿ ಇಬ್ಬರ ತಿಂಗಳ ಹೆಸರೂ ಒಂದೇ, ಕೃಷ್ಣ ಪಕ್ಷದಲ್ಲಿ ಮಾತ್ರ ಬೇರೆ. ಹಾಗಾಗಿ ಶಿವರಾತ್ರಿ ನಮಗೆ ಮಾಘದಲ್ಲಿ, ಅವರಿಗೆ ಫಾಲ್ಗುಣದಲ್ಲಿ, ರಾತ್ರಿ ಅದೇ ರಾತ್ರಿ. ಉಡುಪಿಯವರಂತೂ ಕೃಷ್ಣ ಜಯಂತಿಗೆ ಸೌರಮಾನ ಹಿಡಿದು ಸಿಂಹ ಮಾಸ, ರೋಹಿಣಿ ಎನ್ನುತ್ತಾರೆ. ಕೆಲವು ವರ್ಷ ಅಲ್ಲಿ ಮೊಸರುಕುಡಿಕೆ ಒಡೆಯುವಾಗ ಉಳಿದವರ ಮನೆಯ ಚಕ್ಕುಲಿ ಖಾಲಿಯಾಗಿ ತಿಂಗಳಾಗಿರುತ್ತದೆ.

ಇದನ್ನು ಬರೆಯುತ್ತಿರುವುದು ಅಧಿಕ ಜ್ಯೇಷ್ಠದಲ್ಲಿ. ಮೇ 17ರಿಂದ ಜೂನ್ 15ರವರೆಗೆ ಇದು. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ, ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಮ್ಮಿ. ಅದನ್ನು ಹಾಗೇ ಬಿಟ್ಟರೆ ಹಬ್ಬಗಳು ಋತುಗಳ ಮೇಲೆಲ್ಲ ತಿರುಗುತ್ತಾ ಹೋಗುತ್ತವೆ. ನಮ್ಮ ಮುಸ್ಲಿಂ ನೆರೆಯವರ ರಂಜಾನ್ ಸುಮಾರು 33 ವರ್ಷದಲ್ಲಿ ಮಳೆ, ಚಳಿ, ಬೇಸಿಗೆ ಎಲ್ಲ ಸುತ್ತಿ ಬರುತ್ತದೆ. ನಮ್ಮವರಿಗೆ ಹೊಲದ ಲೆಕ್ಕವೂ ಬೇಕಾಗಿತ್ತು. ಆದ್ದರಿಂದ ಯಾವ ಚಾಂದ್ರಮಾಸದಲ್ಲಿ ಸೂರ್ಯ ರಾಶಿ ಬದಲಿಸುವುದಿಲ್ಲವೋ, ಅಂದರೆ ಸಂಕ್ರಾಂತಿ ಇಲ್ಲವೋ, ಅದನ್ನು ಅಧಿಕ ಎಂದು ತೆಗೆದಿಟ್ಟರು. ಅಂದಾಜು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಬರುತ್ತದೆ. ಮದುವೆ, ಗೃಹಪ್ರವೇಶ ಇಲ್ಲ; ಅಳಿಯನಿಗೆ ಮಾತ್ರ 33 ಅಪೂಪದ, ಅಂದರೆ ಕಜ್ಜಾಯದ, ದಾನ. ಏಕಾದಶಿಗಳು 24ರ ಬದಲು 26. ಲೆಕ್ಕದ ಶೇಷವನ್ನು ಮೂಲೆಗೆ ಸರಿಸದೆ ಪುರುಷೋತ್ತಮನ ಹೆಸರಿಟ್ಟು ಒಂದು ಇಡೀ ತಿಂಗಳು ಮಾಡಿದ್ದು ನನಗೆ ಬಹಳ ಇಷ್ಟ. 2020ರಲ್ಲಿ ಅಧಿಕ ಆಶ್ವಯುಜ ಬಂದು ಸೆಪ್ಟೆಂಬರ್ 17ರ ಮಹಾಲಯ ಅಮಾವಾಸ್ಯೆಗೂ ಅಕ್ಟೋಬರ್ 17ರ ನವರಾತ್ರಿಗೂ ನಡುವೆ ಒಂದು ತಿಂಗಳು ಖಾಲಿ ಬಿತ್ತು. ಆ ಕರೋನಾ ವರ್ಷದಲ್ಲಿ ಎಲ್ಲರೂ ಮನೆಯಲ್ಲಿ ಕೂತಿದ್ದರು, ಪಂಚಾಂಗವೂ ಕೂತಿತು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಈ ಸೇರಿಸುವ ಲೆಕ್ಕದಲ್ಲಿ ಒಂದು ಚಕ್ರ ಇದೆ. 19 ವರ್ಷಕ್ಕೆ ಏಳು ಅಧಿಕ ಮಾಸ. ಅಷ್ಟಾದಾಗ ಸೂರ್ಯ, ಚಂದ್ರರ ಲೆಕ್ಕ ಮತ್ತೆ ಹೆಚ್ಚುಕಮ್ಮಿ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ. ನೀವು ಹುಟ್ಟಿದ ತಾರೀಕು ಮತ್ತು ಹುಟ್ಟಿದ ತಿಥಿ 19ಕ್ಕೆ, 38ಕ್ಕೆ, 57ಕ್ಕೆ ಒಂದು ದಿನದ ಹಿಂದುಮುಂದಿನಲ್ಲಿ ಜೊತೆಯಾಗುತ್ತವೆ. ನಡುವಿನ ವರ್ಷಗಳಲ್ಲಿ ಒಂದನ್ನೊಂದು ತಪ್ಪಿಸಿಕೊಂಡು ಓಡಾಡುತ್ತಿರುತ್ತವೆ.

ಅಪ್ಪನ ತಿಥಿಯೂ ಹಾಗೆ ಓಡಾಡಿದೆ. 2023ರಲ್ಲಿ ಡಿಸೆಂಬರಿಗೆ ದಾಟಿತ್ತು. ಕಳೆದ ವರ್ಷ ನವೆಂಬರ್ 9ಕ್ಕೇ ಬಂದಿತ್ತು. ರಜೆ ಕೇಳುವಾಗ ಮ್ಯಾನೇಜರು, "ಪ್ರತಿ ವರ್ಷ ಬೇರೆ ಬೇರೆ ತಾರೀಕಿಗೆ ನಿಮ್ಮ ತಂದೆಯ ಆ್ಯನಿವರ್ಸರಿ ಹೇಗೆ ಬರುತ್ತೆ?" ಎಂದು ಅನುಮಾನದಿಂದ ನೋಡಿದ್ದರು. 12 ಡಿಗ್ರಿಯ ಕಥೆ ಹೇಳಲು ಹೋಗಲಿಲ್ಲ, ಕ್ಯಾಶುವಲ್ ಲೀವ್ ಎಂದು ಬರೆದು ಕೊಟ್ಟೆ.

ಮೊನ್ನೆ ಶ್ರಾದ್ಧದ ದಿನ ಗೊತ್ತುಮಾಡಲು ಭಟ್ಟರ ಮಗನಿಗೆ ಫೋನ್ ಮಾಡಿದ್ದೆ, ಭಟ್ಟರು ಈಗಿಲ್ಲ. ಆತ ಕಂಪ್ಯೂಟರಿನಲ್ಲೇ ನೋಡುತ್ತಾನೆ, ಹಾಳೆಯ ಸದ್ದು ಬರುವುದಿಲ್ಲ. "ಕಾರ್ತಿಕ ಬಹುಳ ಪಂಚಮಿ, ಅಪರಾಹ್ನಕ್ಕೆ ಸಿಗೋದು ನವೆಂಬರ್ 28, ಶನಿವಾರ" ಎಂದ. ಹತ್ತೊಂಬತ್ತು ವರ್ಷ. ಆಸ್ಪತ್ರೆಯ ಚೀಟಿಯ ತಾರೀಕಿಗೇ ಬಂದು ನಿಂತಿದೆ.

ಅಮ್ಮನಿಗೆ ಹೇಳಿದೆ. ಅವಳಿಗೆ ಎಂಬತ್ತೊಂದು, ಉಪವಾಸ ಬೇಡವೆಂದು ಡಾಕ್ಟರು ಹೇಳಿ ವರ್ಷವಾಗಿದೆ. ಆ ಮಾತನ್ನು ಅವಳು ಏಕಾದಶಿಗೆ ಕೇಳುತ್ತಾಳೆ, ಸಂಕಷ್ಟಿಗೆ ಕೇಳುವುದಿಲ್ಲ.

"ಹಾಗಾದ್ರೆ ಹಿಂದಿನ ದಿನ ಸಂಕಷ್ಟಿ."

"ಹೌದು, ಶುಕ್ರವಾರ."

"ಚೌತಿ ಎಷ್ಟು ಹೊತ್ತಿನವರೆಗೆ ಇದೆ?"

ಆ್ಯಪ್ ತೆರೆದು ನವೆಂಬರಿನವರೆಗೆ ಸರಿಸಿದೆ. ಮರುದಿನ ಬೆಳಿಗ್ಗೆಯವರೆಗೆ ಇತ್ತು. ಹೇಳಿದೆ.

"ಅವತ್ತೂ ಹಾಗೇ ಇತ್ತು" ಎಂದು ಅಮ್ಮ ಎದ್ದು ಒಳಗೆ ಹೋದಳು.